ಕಡತದಿಂದ ವಲ್ಲಾರ್ಪಾಡಂವರೆಗೆ: ಹಳೇ ರಿವಿಷನ್ ಯಾರ ಕೈಯಲ್ಲಿದೆ?

ಇದು ಈ ವಾರದ ಮಾತಿನ ಬರಹ ರೂಪ. ಆಫೀಸಿನಲ್ಲಿ ವಿಡಿಯೋ ಹಾಕೋಕೆ ಆಗದವರು, ಕ್ಯಾಬಿನಲ್ಲಿ ನೆಟ್‌ವರ್ಕ್ ಸಿಗದವರು ಓದಿಕೊಳ್ಳಲಿ ಅಂತ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ, ಒಂದೆರಡು ಕಡೆ ನನ್ನ ಹಾಳು ಹರಟೆ ತೆಗೆದಿದ್ದೇನೆ.

ಎರ್ನಾಕುಳಂ ಹೈಕೋರ್ಟ್ ಕಡೆಯಿಂದ ಗೋಶ್ರೀ ಸೇತುವೆ ಹತ್ತಿ ವೈಪಿನ್ ಕಡೆಗೆ ಹೊರಟರೆ ಮೊದಲು ಬೋಳ್ಗಾಟ್ಟಿ ಸಿಗುತ್ತೆ, ಆಮೇಲೆ ವಲ್ಲಾರ್ಪಾಡಂ. 2004ರಲ್ಲಿ ಈ ಸೇತುವೆಗಳಾಗುವ ತನಕ ದ್ವೀಪದ ಜನಕ್ಕೆ ದೋಣಿಯೇ ಗತಿ. ಕೊಚ್ಚಿಗೆ ಬರುವ ನಮ್ಮವರು ವಲ್ಲಾರ್ಪಾಡಂನಲ್ಲಿ ಮಾತೆಯ ಬಸಿಲಿಕಾ ನೋಡುತ್ತಾರೆ, ಕಂಟೇನರ್ ಟರ್ಮಿನಲ್ಲಿನ ದೊಡ್ಡ ಕ್ರೇನ್‌ಗಳ ಫೋಟೋ ತೆಗೀತಾರೆ, ಹೋಗ್ತಾರೆ. ದ್ವೀಪಕ್ಕೆ ಬರುವ ರೈಲು ಸೇತುವೆಯನ್ನ ಗಮನಿಸುವವರು ಕಡಿಮೆ. ವೇಂಬನಾಡ್ ಹಿನ್ನೀರಿನ ಮೇಲೆ 4.62 ಕಿಲೋಮೀಟರ್ ಉದ್ದ. 2018ರ ಡಿಸೆಂಬರ್‌ನಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆ ಶುರುವಾಗುವ ತನಕ ದೇಶದ ಅತಿ ಉದ್ದದ ರೈಲು ಸೇತುವೆ ಇದೇ ಆಗಿತ್ತು.

ಈ ವಾರ ನಾನು ಹೇಳಹೊರಟಿದ್ದು ಆ ಸೇತುವೆಯ ಹಿಂದಿನ ಕಾಗದದ ಕಥೆ. ಐಟಿಗೆ ಬರೋ ಮುಂಚೆ ಎರಡು ವರ್ಷ ಕೊಚ್ಚಿಯ ಬೇರೊಂದು ಕಾಮಗಾರಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲ್ ಡೆಸ್ಕಿನಲ್ಲಿ ಕೂತಿದ್ದೆ. ಊರಿಗೆ ಫೋನ್ ಮಾಡಿದಾಗ ಅಮ್ಮ "ಏನಪ್ಪಾ ಕೆಲಸ ಅಲ್ಲಿ?" ಅಂದ್ರೆ "ಡ್ರಾಯಿಂಗ್ ಫೈಲ್ ನೋಡ್ಕೊಳ್ಳೋದು" ಅಂತಿದ್ದೆ. "ಓ, ಗುಮಾಸ್ತನ ಕೆಲಸ" ಅಂತ ಅಲ್ಲಿಗೆ ಮುಗಿಸಿಬಿಡ್ತಿದ್ರು. ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಇನ್ನರ್ಧದ ಚರಿತ್ರೆ ಸ್ವಲ್ಪ ಉದ್ದ.

ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಡಿಸೈನ್ ಕನ್ಸಲ್ಟೆಂಟ್ ಹತ್ತಿರದಿಂದ ಒಂದು ಡ್ರಾಯಿಂಗ್ ಬರುತ್ತೆ. ಜೊತೆಗೆ ಟ್ರಾನ್ಸ್‌ಮಿಟಲ್ ಅನ್ನೋ ಒಂದು ಹಾಳೆ: ಏನು ಕಳಿಸಿದ್ದೇವೆ, ಎಷ್ಟು ಪ್ರತಿ, ಯಾವ ರಿವಿಷನ್, ಯಾಕೆ ಕಳಿಸಿದ್ದೇವೆ. ಮಾಹಿತಿಗೋ, ಒಪ್ಪಿಗೆಗೋ, ಕಟ್ಟೋದಕ್ಕೋ? ಇದನ್ನ ಮಾಸ್ಟರ್ ರಿಜಿಸ್ಟರಿಗೆ ಏರಿಸಬೇಕು. ಒಪ್ಪಿಗೆಯಾಗಿ 'ಗುಡ್ ಫಾರ್ ಕನ್‌ಸ್ಟ್ರಕ್ಷನ್' ಮುದ್ರೆ ಬಿದ್ದ ಪ್ರತಿಗೆ ಸೈಟಿನಲ್ಲಿ ಎಲ್ಲರೂ ಜಿಎಫ್‌ಸಿ ಅಂತಾರೆ. ಬೆಳಿಗ್ಗೆ ಟೀ ಕುಡಿಯೋಕೆ ಮುಂಚೆ ಕೇಳೋ ಮೊದಲ ಪ್ರಶ್ನೆ, "ಜಿಎಫ್‌ಸಿ ಬಂತಾ?" ಬಂದಮೇಲೆ ಸೈಟ್ ಎಂಜಿನಿಯರ್, ಸರ್ವೆ, ಬಾರ್ ಬೆಂಡಿಂಗ್ ಯಾರ್ಡ್, ಕ್ವಾಲಿಟಿ, ಬಿಲ್ಲಿಂಗ್, ಇವರೆಲ್ಲರಿಗೂ ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು.

ಇಲ್ಲಿಗೆ ಮುಗೀತು ಅಂದ್ಕೊಂಡಿದ್ದೆ ನಾನು ಮೊದಲ ವಾರ. ನಮ್ಮ ಜೊತೆ ಗಲ್ಫಿನಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿ ವಾಪಸ್ ಬಂದ ಒಬ್ಬ ಚೇಟ್ಟನ್ ಇದ್ದರು. ಅವರು ನನ್ನ ವಿತರಣೆ ರಿಜಿಸ್ಟರ್ ನೋಡಿ, ಅರ್ಧ ಇಂಗ್ಲಿಷ್ ಅರ್ಧ ಮಲಯಾಳದಲ್ಲಿ ಕೇಳಿದ್ದು ಇಷ್ಟೇ: "ಹೊಸದು ಕೊಟ್ಟೆ, ಸರಿ. ಹಳೇದು ವಾಪಸ್ ತಗೊಂಡ್ಯಾ?"

ನಿಮ್ಮಲ್ಲಿ ಹೆಚ್ಚಿನವರು ಗಿಟ್ ಬಳಸುವವರು, ಈ ಪ್ರಶ್ನೆಯ ತೂಕ ಬೇಗ ಗೊತ್ತಾಗುತ್ತೆ. ಸರ್ವರಿನಲ್ಲಿ ಸರಿಯಾದ ವರ್ಷನ್ ಇರೋದು ಸುಲಭ. ಬಾರ್ ಬೆಂಡರ್ ಮೇಸ್ತ್ರಿಯ ಪ್ಯಾಂಟ್ ಜೇಬಿನಲ್ಲಿ ನಾಲ್ಕಾಗಿ ಮಡಿಚಿಟ್ಟ ಪ್ರಿಂಟ್ ಯಾವ ರಿವಿಷನ್ದು? ಅವರಿಗೆ ಅದರ ಮೇಲೆ ನಂಬಿಕೆ ಜಾಸ್ತಿ, ಯಾಕಂದ್ರೆ ಅದರ ಮೇಲೆ ತಾವೇ ಪೆನ್ಸಿಲಿನಲ್ಲಿ ಅಳತೆ ಬರ್ಕೊಂಡಿರ್ತಾರೆ. ಕೋಡ್ ತಪ್ಪಿದ್ರೆ ರಿವರ್ಟ್ ಮಾಡಬಹುದು. ಪೈಲಿನೊಳಗೆ ಕಾಂಕ್ರೀಟು ಸುರಿದಮೇಲೆ ರಿವರ್ಟ್ ಇಲ್ಲ.

ಅಳಿಸಬಹುದಾದ ಪುಸ್ತಕ, ಅಳಿಸಬಾರದ ಪುಸ್ತಕ

ಫೈಲಿಗೆ ನಾವು ಇವತ್ತೂ ಕಡತ ಅಂತೀವಿ. ವಿಧಾನಸೌಧದ ಇ-ಆಫೀಸಿನಲ್ಲೂ ಕಡತವೇ. ಮೂಲ ಕಡತ ಕಾಗದವೇ ಅಲ್ಲ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಬೀಸಣಿಗೆ ಥರ ಮಡಿಕೆ ಮಡಿಕೆಯಾಗಿ ಮಡಿಚಿದ ಪುಸ್ತಕ. ಬರೆಯೋದು ಬಳಪದಲ್ಲಿ. ಕನ್ನಡ ನಾಡಿನ ಶಾನುಭೋಗರು, ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದದ್ದು ಇದರಲ್ಲೇ. 1800ರ ಸುಮಾರಿಗೆ ಮೈಸೂರು ಸೀಮೆಯನ್ನ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಇಂಥವನ್ನ ಸಂಗ್ರಹಿಸಿದ, ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದನ್ನ ಮಾಡುವ ಕ್ರಮವನ್ನೇ ವಿವರಿಸಿದ್ದಾನೆ.

ಕಡತದ ಒಂದು ಗುಣ ನನಗೆ ಬಹಳ ಕುತೂಹಲ. ಬಳಪದ ಅಕ್ಷರ ಅಳಿಸಿ ಮತ್ತೆ ಬರೆಯಬಹುದು. ಒಳ್ಳೆ ಶಾನುಭೋಗ ಇದ್ದರೆ ಅದು ಊರಿನ ನೆನಪು. ಕೆಟ್ಟ ಶಾನುಭೋಗ ಇದ್ದರೆ? ಬಟ್ಟೆಯ ಮೇಲೆ ಒಮ್ಮೆ ಕೈ ಆಡಿಸಿದರೆ ರೈತನ ಒಂದು ಎಕರೆ ಹೋಯಿತು, ಹಿಂದೆ ಏನಿತ್ತು ಅನ್ನೋದಕ್ಕೆ ಗುರುತೇ ಇಲ್ಲ. ಶಾನುಭೋಗರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಇರುವ ಭಯ-ಭಕ್ತಿ ಎರಡಕ್ಕೂ ಈ ಕಪ್ಪು ಬಟ್ಟೆಗೂ ಸಂಬಂಧ ಇದೆ ಅಂತ ನನ್ನ ಅನಿಸಿಕೆ.

ಇದಕ್ಕೆ ಪೂರಾ ಎದುರು ಜಾತಿಯದು ಮೆಷರ್‌ಮೆಂಟ್ ಬುಕ್. 1854ರಲ್ಲಿ ಡಾಲ್‌ಹೌಸಿ ಕಾಲದಲ್ಲಿ ಲೋಕೋಪಯೋಗಿ ಇಲಾಖೆ ಬೇರೆ ಇಲಾಖೆಯಾಯಿತು. ಅದರ ಹಣದ ಲೆಕ್ಕವೆಲ್ಲ ನಿಂತದ್ದು ಈ ಪುಸ್ತಕದ ಮೇಲೆ. ಕರ್ನಾಟಕದಲ್ಲಿ ಯಾವ ಸಣ್ಣ ಗುತ್ತಿಗೆದಾರನನ್ನ ಕೇಳಿದರೂ ಅವನ ಚಿಂತೆ ಒಂದೇ, "ಎಂಬಿ ಬರೆಸಿದ್ರೆ ಸಾಕು, ಬಿಲ್ ಆಗುತ್ತೆ." ಅದೇ ಈ ಎಂಬಿ. ನಿಯಮ ನೋಡಿ: ಪುಟಗಳಿಗೆ ಮೊದಲೇ ಮುದ್ರಿತ ಸಂಖ್ಯೆ. ಒಂದು ಹಾಳೆಯೂ ಹರಿಯಬಾರದು. ಅಳತೆ ನೇರವಾಗಿ ಜಾಗದಲ್ಲೇ ಪುಸ್ತಕಕ್ಕೆ ಏರಬೇಕು, ಚೀಟಿಯಲ್ಲಿ ಬರ್ಕೊಂಡು ಆಮೇಲೆ ನಕಲು ಮಾಡೋ ಹಾಗಿಲ್ಲ. ತಪ್ಪಾದರೆ ರಬ್ಬರ್ ಇಲ್ಲ, ಬಿಳಿ ಬಣ್ಣ ಇಲ್ಲ. ಒಂದು ಗೆರೆ ಹೊಡೆದು, ಸರಿಯಾದದ್ದು ಬರೆದು, ಸಣ್ಣ ಸಹಿ ಮತ್ತು ತಾರೀಕು. ಗೆರೆಯ ಕೆಳಗೆ ಹಳೇ ಅಂಕಿ ಓದೋಕೆ ಸಿಗಬೇಕು.

ಹಳೇದು ಕಾಣುತ್ತಲೇ ಇರಬೇಕು, ಆದರೆ ಅದು ಈಗ ಚಾಲ್ತಿಯಲ್ಲಿಲ್ಲ ಅಂತಲೂ ಗೊತ್ತಾಗಬೇಕು. ನಿಮ್ಮ ಕಮಿಟ್ ಹಿಸ್ಟರಿಯ ಮುತ್ತಜ್ಜ ಈ ಪುಸ್ತಕದೊಳಗೆ ಕೂತಿದ್ದಾನೆ. ಭ್ರಷ್ಟಾಚಾರ ನಡೆಯಲಿಲ್ಲವೇ ಅಂತ ಕೇಳಬೇಡಿ, ಧಾರಾಳ ನಡೆಯಿತು. ಸುಳ್ಳು ಎಂಬಿ ಬರೆದು ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಈಗಲೂ ಬರುತ್ತೆ. ಆದರೆ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಕಾರಣವೂ ಆ ಪುಸ್ತಕವೇ.

ಅಳತೆಯ ಕಥೆ ಇದಾದರೆ ನಕ್ಷೆಯದು ಬೇರೆ. ಕನ್ನಡ ಪತ್ರಿಕೆಗಳು ಯಾವ ಯೋಜನೆ ಬಂದರೂ 'ನೀಲನಕ್ಷೆ ಸಿದ್ಧ' ಅಂತ ಬರೀತಾವೆ. ಆ ನೀಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1842ರಲ್ಲಿ ಕಂಡುಹಿಡಿದ ಕಬ್ಬಿಣದ ಲವಣದ ಬಣ್ಣ. ಪಾರದರ್ಶಕ ಬಟ್ಟೆಯ ಮೇಲೆ ಮಸಿಯಲ್ಲಿ ಮೂಲ ನಕ್ಷೆ ಬಿಡಿಸಿ, ಕೆಳಗೆ ಲವಣ ಬಳಿದ ಕಾಗದ ಇಟ್ಟು, ಬಿಸಿಲಿಗೆ ಹಿಡಿದು ತೊಳೆದರೆ ನೀಲಿ ಹಿನ್ನೆಲೆಯಲ್ಲಿ ಬಿಳಿ ಗೆರೆ. ಅಲ್ಲಿಯ ತನಕ ಪ್ರತಿಯೊಂದು ನಕಲನ್ನೂ ಕೈಯಲ್ಲಿ ಬಿಡಿಸಬೇಕಿತ್ತು, ಹಾಗಾಗಿ ನಕಲುಗಳೇ ಕಡಿಮೆ. ನೀಲಿ ಪ್ರಿಂಟ್, ಆಮೇಲೆ ಮೂಗು ಉರಿಸುವ ಅಮೋನಿಯಾ ಪ್ರಿಂಟ್ ಬಂದಮೇಲೆ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಾಯಿತು. ತಕರಾರು ಶುರುವಾದದ್ದೂ ಅಲ್ಲೇ. ಡ್ರಾಫ್ಟ್ಸ್‌ಮನ್ ಮೂಲದ ಮೇಲೆ ಬ್ಲೇಡಿನಿಂದ ಗೆರೆ ಕೆರೆದು ಹೊಸ ಗೆರೆ ಎಳೆಯುತ್ತಾನೆ. ಆದರೆ ಆಗಲೇ ಸೈಟಿಗೆ ಹೋದ ಹತ್ತು ಪ್ರತಿಗಳಿಗೆ ಇದು ಗೊತ್ತಿಲ್ಲ! ನಕ್ಷೆಯ ಮೂಲೆಯಲ್ಲಿ ರಿವಿಷನ್ ನಂಬರು, ತಾರೀಕು, ಏನು ಬದಲಾಯಿತು ಅನ್ನುವ ಚೌಕಗಳ ಅಗತ್ಯ ಬಿದ್ದದ್ದು ಇದಕ್ಕೇ.

ಇದೇ ಕಾಲಕ್ಕೆ ಕೊಚ್ಚಿಯಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ 1920ರಲ್ಲಿ ಇಲ್ಲಿಗೆ ಬಂದ. ಬಂದರಿನ ಬಾಯಿಗೆ ಅಡ್ಡ ಮರಳದಿಣ್ಣೆ, ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಮದ್ರಾಸ್ ಸರ್ಕಾರ, ಕೊಚ್ಚಿ ಸಂಸ್ಥಾನ, ತಿರುವಾಂಕೂರು ಸಂಸ್ಥಾನ ಮೂವರ ಹಿತವೂ ಸೇರಿಕೊಂಡ ಜಾಗ. ದಿಣ್ಣೆ ಕಡಿಯಬಹುದೇ, ಕಡಿದರೆ ವೈಪಿನ್ ದಡ ಕೊಚ್ಚಿಹೋಗುತ್ತದೆಯೇ ಅಂತ ಅಳತೆಗಳ ಮೇಲೆ ಅಳತೆ ಮಾಡಿ ಎಲ್ಲರನ್ನೂ ಒಪ್ಪಿಸಬೇಕಿತ್ತು. 1928ರ ಮೇ 26ರಂದು 'ಪದ್ಮಾ' ಅನ್ನುವ ಉಗಿಹಡಗು ಒಳ ಬಂದರಿಗೆ ಬಂತು. ತೋಡಿದ ಹೂಳಿನಿಂದ ವಿಲಿಂಗ್ಡನ್ ದ್ವೀಪ ಎದ್ದಿತು. ಆ ದ್ವೀಪದಿಂದ ಉತ್ತರಕ್ಕೆ ನೋಡಿದರೆ ನೀರಿನಾಚೆ ಕಾಣೋದೇ ವಲ್ಲಾರ್ಪಾಡಂ.

ತಂತಿ ತಲುಪದ ಸಂಜೆ, ನೆನಪಿಲ್ಲದ ಫೋನು

ಈ ಕೆಲಸಕ್ಕೆ ಜನ ಬೆಲೆ ಕೊಡೋದು ಯಾರಾದರೂ ಸತ್ತಮೇಲೆ. ಎರಡು ಘಟನೆ ಹೇಳ್ತೀನಿ, ಎರಡೂ ನಮ್ಮ ದೇಶದ್ದಲ್ಲ.

ಕೆನಡಾದ ಕ್ವಿಬೆಕ್ ಸೇತುವೆ, 1907. ಕಟ್ಟುತ್ತಿರುವಾಗಲೇ ಕೆಳಗಿನ ಉಕ್ಕಿನ ತೊಲೆಗಳು ಬಾಗತೊಡಗಿದವು. ಸಲಹೆಗಾರ ಎಂಜಿನಿಯರ್ ಥಿಯೊಡೋರ್ ಕೂಪರ್ ಇದ್ದದ್ದು ನ್ಯೂಯಾರ್ಕಿನಲ್ಲಿ. ಸೈಟಿನ ತಪಾಸಣಾ ಎಂಜಿನಿಯರ್ ನಾರ್ಮನ್ ಮ್ಯಾಕ್ಲೂರ್ ಅಳತೆಗಳನ್ನ ಹಿಡ್ಕೊಂಡು ರೈಲಿನಲ್ಲಿ ನ್ಯೂಯಾರ್ಕಿಗೇ ಹೋದ. ಆಗಸ್ಟ್ 29ರಂದು ಕೂಪರ್ ಅದನ್ನ ನೋಡಿ, ಇನ್ನು ಭಾರ ಹೇರಬೇಡಿ ಅಂತ ತಂತಿ ಕಳಿಸಿದ. ಕಳಿಸಿದ್ದು ಸೇತುವೆಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಉಕ್ಕಿನ ಕಂಪನಿಯ ಆಫೀಸಿಗೆ. ಅಲ್ಲಿಂದ ಅದು ಸೈಟಿಗೆ ಮುಟ್ಟಲಿಲ್ಲ. ಅದೇ ಸಂಜೆ, ಕೆಲಸ ಬಿಡುವ ಹೊತ್ತಿಗೆ ಸೇತುವೆ ನದಿಗೆ ಬಿತ್ತು. 75 ಜನ ಸತ್ತರು, ಅದರಲ್ಲಿ ಬಹಳ ಮಂದಿ ಕಾನವಾಗೆ ಊರಿನ ಮೊಹಾಕ್ ಕೆಲಸಗಾರರು. ಲೆಕ್ಕದಲ್ಲೇ ದೊಡ್ಡ ತಪ್ಪಿತ್ತು, ಅದು ಬೇರೆ ಮಾತು. ಜನರನ್ನ ಕೆಳಗಿಳಿಸಬಹುದಾಗಿದ್ದ ಒಂದು ಕಾಗದ ತಪ್ಪು ವಿಳಾಸದಲ್ಲಿ ಕೂತಿತ್ತು.

ಎರಡನೇದು ಅಮೆರಿಕದ ಕ್ಯಾನ್ಸಸ್ ಸಿಟಿ, ಹಯಾತ್ ರೀಜೆನ್ಸಿ ಹೋಟೆಲ್, 1981ರ ಜುಲೈ 17. ಹಾಲಿನ ಮೇಲೆ ಒಂದರ ಕೆಳಗೊಂದು ತೂಗುಹಾಕಿದ್ದ ಕಾಲುದಾರಿಗಳು ಕೆಳಗೆ ನೃತ್ಯ ನೋಡುತ್ತಿದ್ದ ಜನರ ಮೇಲೆ ಬಿದ್ದು 114 ಮಂದಿ ಸತ್ತರು. ಮೊದಲ ನಕ್ಷೆಯಲ್ಲಿ ಒಂದೇ ಉದ್ದದ ಕಬ್ಬಿಣದ ಸರಳು ಛಾವಣಿಯಿಂದ ಎರಡೂ ದಾರಿಗಳನ್ನ ಹಿಡಿದಿತ್ತು. ಕಟ್ಟುವುದಕ್ಕೆ ಕಷ್ಟ ಅಂತ ಅದನ್ನ ಎರಡು ಸರಳು ಮಾಡಿದರು: ಮೇಲಿನ ದಾರಿ ಛಾವಣಿಗೆ, ಕೆಳಗಿನ ದಾರಿ ಮೇಲಿನ ದಾರಿಗೆ. ಹಗ್ಗಕ್ಕೆ ಇಬ್ಬರು ಜೋತುಬೀಳೋದು ಒಂದು, ಹಗ್ಗಕ್ಕೆ ಜೋತುಬಿದ್ದವನ ಕಾಲಿಗೆ ಇನ್ನೊಬ್ಬ ಜೋತುಬೀಳೋದು ಇನ್ನೊಂದು. ಮೇಲಿನ ನಟ್ಟಿನ ಮೇಲಿನ ಭಾರ ಎರಡರಷ್ಟಾಯಿತು. ಬದಲಾವಣೆ ತೋರಿಸಿದ ಶಾಪ್ ಡ್ರಾಯಿಂಗಿನ ಮೇಲೆ ಎಂಜಿನಿಯರ್ ಆಫೀಸಿನ ಮುದ್ರೆ ಇತ್ತು. ಫೋನಿನಲ್ಲಿ ಕೇಳಿ ಒಪ್ಪಿಗೆ ತಗೊಂಡೆವು ಅಂತ ಉಕ್ಕು ಮಾಡಿದವರು ಹೇಳಿದರು, ಅಂಥ ಫೋನ್ ಬಂದ ನೆನಪಿಲ್ಲ ಅಂತ ಎಂಜಿನಿಯರುಗಳು. ಕೊನೆಗೆ ಇಬ್ಬರು ಎಂಜಿನಿಯರುಗಳ ಲೈಸೆನ್ಸ್ ಹೋಯಿತು.

ಸೈಟಿನಲ್ಲಿ ಯಾರಾದರೂ "ಸರ್ ಫೋನಲ್ಲಿ ಓಕೆ ಅಂದ್ರು" ಅಂದರೆ "ಮೇಲ್ ಹಾಕ್ಸಿ" ಅಂತ ಡಾಕ್ಯುಮೆಂಟ್ ಕಂಟ್ರೋಲರ್ ಹಟ ಮಾಡೋದು ಇದಕ್ಕೇ. ಈಗ ವಾಟ್ಸಾಪ್ ಬಂದು ಈ ಜಗಳ ಇನ್ನೂ ಜಾಸ್ತಿಯಾಗಿದೆ, ಅದನ್ನ ಇನ್ನೊಂದು ದಿನ ಮಾತಾಡೋಣ.

1987ರಲ್ಲಿ ಐಎಸ್‌ಒ 9001 ಬಂತು. ಚಾಲ್ತಿ ಪ್ರತಿ ಯಾವುದು ಅನ್ನೋದಕ್ಕೆ ವ್ಯವಸ್ಥೆ ಇರಬೇಕು, ಹಳೇ ಪ್ರತಿ ತಪ್ಪಿ ಬಳಕೆಗೆ ಬರಬಾರದು ಅನ್ನೋದು ಅದರಿಂದ ಆಡಿಟ್ ಆಗುವ ನಿಯಮವಾಯಿತು. 2000ದಲ್ಲಿ ಮೆಲ್ಬರ್ನ್‌ನಲ್ಲಿ ಅಕೊನೆಕ್ಸ್ ಶುರುವಾಗಿ ಟ್ರಾನ್ಸ್‌ಮಿಟಲ್ ಬ್ರೌಸರಿಗೆ ಹೋಯಿತು, 2018ರಲ್ಲಿ ಅದು ಒರಾಕಲ್ ಪಾಲಾಯಿತು. ಗಲ್ಫಿನ ದೊಡ್ಡ ಕಾಮಗಾರಿಗಳಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಕುರ್ಚಿಯಲ್ಲಿ ಎಷ್ಟೋ ಕಡೆ ಮಲಯಾಳಿ ಇರುತ್ತಾರೆ. ಕೊಚ್ಚಿ, ತಿರುವನಂತಪುರದ ಗಲ್ಲಿಗಳಲ್ಲಿ ಇದನ್ನ ಕಲಿಸುವ ಕೋರ್ಸಿನ ಬೋರ್ಡುಗಳೂ ಕಾಣುತ್ತವೆ. ನಮ್ಮ ಕಡೆ ಡಿಪ್ಲೊಮಾ ಮುಗಿಸಿದ ಹುಡುಗರಿಗೆ ಹೀಗೊಂದು ಕೆಲಸ ಇದೆ ಅಂತಲೇ ಗೊತ್ತಿರಲ್ಲ.

132 ಅಂಕಣ

ಈಗ ವಲ್ಲಾರ್ಪಾಡಂಗೆ ಬರೋಣ. ಅಂತಾರಾಷ್ಟ್ರೀಯ ಕಂಟೇನರ್ ಟ್ರಾನ್ಸ್‌ಶಿಪ್‌ಮೆಂಟ್ ಟರ್ಮಿನಲ್ಲಿಗೆ 2005ರ ಫೆಬ್ರವರಿ 16ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. 2011ರ ಫೆಬ್ರವರಿ 11ರಂದು ಅವರೇ ಉದ್ಘಾಟಿಸಿದರು. ಜಾಗ ಕೊಚ್ಚಿ ಬಂದರಿನದು, ನಡೆಸುವುದು ದುಬೈನ ಡಿಪಿ ವರ್ಲ್ಡ್, ಒಪ್ಪಂದ 30 ವರ್ಷದ್ದು. ಕೊಲಂಬೋದಲ್ಲಿ ಇಳಿದು ಹತ್ತುವ ನಮ್ಮ ಸರಕು ಇಲ್ಲೇ ಇಳಿಯಲಿ ಅನ್ನುವ ಆಸೆ. ಟರ್ಮಿನಲ್ಲಿಗೆ ದಾರಿ ಬೇಕಲ್ಲ, ಕಳಮಶ್ಶೇರಿಯಿಂದ ಕಂಟೇನರ್ ರಸ್ತೆ, ಇಡಪ್ಪಳ್ಳಿಯಿಂದ 8.86 ಕಿಲೋಮೀಟರ್ ರೈಲು ಮಾರ್ಗ. ಆ ಮಾರ್ಗದ ಅರ್ಧಕ್ಕಿಂತ ಹೆಚ್ಚು ಭಾಗವೇ ಸೇತುವೆ. ರೈಲ್ ವಿಕಾಸ್ ನಿಗಮದ ಯೋಜನೆ, ಕಟ್ಟಿದ್ದು ಆಫ್‌ಕಾನ್ಸ್. 2007ರ ಜೂನ್‌ನಲ್ಲಿ ಶುರುವಾಗಿ 2010ರ ಮಾರ್ಚ್‌ನಲ್ಲಿ ಮುಗಿಯಿತು. ಮೂರು ವರ್ಷದೊಳಗೆ, ನೀರು ಮತ್ತು ಕೆಸರಿನ ಮೇಲೆ.

132 ಅಂಕಣ. 20 ಮೀಟರಿನವು 33, 40 ಮೀಟರಿನವು 99. ಗುಣಿಸಿ ಕೂಡಿ ನೋಡಿ, ಸರಿಯಾಗಿ 4,620 ಬರುತ್ತೆ. ಇಂಥ ಲೆಕ್ಕ ತಾಳೆಯಾದಾಗ ಆಗುವ ಖುಷಿ ಈ ಕೆಲಸದಲ್ಲಿ ಕೂತವರಿಗೇ ಗೊತ್ತು.

ಇಂಥ ಸೇತುವೆಯ ಪ್ರತಿಯೊಂದು ಕಂಬಕ್ಕೂ ತೊಲೆಗೂ ಒಂದೊಂದು ಜಾತಕ ಇರುತ್ತೆ ಅಂತ ತಿಳ್ಕೊಳ್ಳಿ. ಪೈಲ್ ಎಷ್ಟು ಆಳ ಹೋಯಿತು, ಯಾವ ಮಣ್ಣು ಸಿಕ್ಕಿತು. ಕಾಂಕ್ರೀಟು ಹಾಕುವ ಮುಂಚೆ ಪೋರ್ ಕಾರ್ಡ್: ಕಬ್ಬಿಣ ಕಟ್ಟಿದ್ದು ನೋಡಿದವರು, ಶಟರಿಂಗ್ ನೋಡಿದವರು, ಲೆವೆಲ್ ನೋಡಿದವರು, ಎಲ್ಲರ ಸಹಿ ಬೀಳದೆ ಮಿಕ್ಸರ್ ಗಾಡಿ ಮುಂದೆ ಬರುವಂತಿಲ್ಲ. ಅದೇ ಕಾಂಕ್ರೀಟಿನ ಗಟ್ಟಿಗಳನ್ನ 7 ದಿನಕ್ಕೆ, 28 ದಿನಕ್ಕೆ ಒಡೆದು ನೋಡಿದ ವರದಿ. ತೊಲೆಯೊಳಗಿನ ಉಕ್ಕಿನ ಹುರಿಯನ್ನ ಎಳೆದಾಗ ಎಷ್ಟು ಮಿಲಿಮೀಟರ್ ಉದ್ದವಾಯಿತು, ಎಷ್ಟು ಆಗಬೇಕಿತ್ತು. ಯಾವುದಾದರೂ ಸರಿ ಬರಲಿಲ್ಲ ಅಂದರೆ ಎನ್‌ಸಿಆರ್, ಅಂದರೆ ನಾನ್ ಕನ್‌ಫರ್ಮನ್ಸ್ ವರದಿ. ಅದಕ್ಕೆ ನಂಬರು, ಯಾರು ಸರಿಮಾಡಬೇಕು, ಯಾವತ್ತಿನೊಳಗೆ, ಕೊನೆಗೆ ಮುಕ್ತಾಯದ ಸಹಿ. ಸೈಟಿನ ಭಾಷೆಯಲ್ಲಿ 'ಕ್ಲೋಸ್' ಆಗಬೇಕು. ಪ್ರತಿ ವಾರ ಪಟ್ಟಿ ತೆಗೆದು, ತೆರೆದು ಎಷ್ಟು ದಿನವಾಯಿತು ಅಂತ ಮೀಟಿಂಗಿನಲ್ಲಿ ಓದುತ್ತಾರೆ. ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಬಂದರೆ ದೊಡ್ಡ ದೊಡ್ಡ ಮ್ಯಾನೇಜರ್‌ಗಳೂ ಕುರ್ಚಿಯಲ್ಲಿ ಸರಿದು ಕೂರ್ತಾರೆ.

ದುಡ್ಡಿನ ಜಗಳದಲ್ಲೂ ಇದೇ ಕಾಗದ. ತಿರುವನಂತಪುರದ ಹತ್ತಿರ ವಿಳಿಂಜಂ ಬಂದರು ನೋಡಿ. 2015ರ ಆಗಸ್ಟ್‌ನಲ್ಲಿ ಒಪ್ಪಂದ, 2019ರ ಡಿಸೆಂಬರಿಗೆ ಮುಗಿಯಬೇಕಿತ್ತು, ಮೊದಲ ಹಡಗು ಬಂದದ್ದು 2023ರ ಅಕ್ಟೋಬರ್‌ನಲ್ಲಿ. ತಡಕ್ಕೆ 2017ರ ಓಖಿ ಚಂಡಮಾರುತ, ಬಂಡೆಕಲ್ಲಿನ ಕೊರತೆ ಅಂತ ಕಂಪನಿ ಕಾರಣ ಕೊಟ್ಟಿತು, ಸರ್ಕಾರ ಒಪ್ಪಲಿಲ್ಲ, ಮಧ್ಯಸ್ಥಿಕೆಗೆ ಹೋಯಿತು, 2024ರಲ್ಲಿ ಪೂರಕ ಒಪ್ಪಂದದಿಂದ ಬಗೆಹರಿಯಿತು. ಇಂಥ ಜಗಳಗಳಲ್ಲಿ ಯಾವತ್ತು ಅಲೆ ಎಷ್ಟಿತ್ತು, ಎಷ್ಟು ಲಾರಿ ಕಲ್ಲು ಬಂತು ಅನ್ನುವ ದಿನಚರಿ ಹಾಳೆಗಳಿಗೆ ಕೋಟಿಗಳ ಬೆಲೆ.

ಯಾವ ನಕ್ಷೆ ಚಾಲ್ತಿ?

ರಿವಿಷನ್ ನಂಬರಿನ ಮೇಲೆ ಕಟ್ಟಡಗಳೇ ಉರುಳಿದ ಕಥೆ ಕೊಚ್ಚಿಯಲ್ಲೇ ಇದೆ. ಮರಡಿನ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿದ್ದನ್ನ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಧೂಳು ಎದ್ದದ್ದು ಎಲ್ಲರಿಗೂ ನೆನಪಿದೆ, ವಿವಾದ ಏನಿತ್ತು ಅನ್ನೋದು ಕಡಿಮೆ ಜನಕ್ಕೆ. 2006ರ ಸುಮಾರಿಗೆ ಮರಡು ಪಂಚಾಯಿತಿ ಪರವಾನಗಿ ಕೊಟ್ಟಿತು. ಆಗ ಚಾಲ್ತಿಯಲ್ಲಿದ್ದ 1996ರ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ ಪ್ರಕಾರ ಆ ಜಾಗ ಸಿಆರ್‌ಝೆಡ್ 3, ಅಂದರೆ ನೀರಿನ ಪಕ್ಕ ಹೀಗೆ ಕಟ್ಟುವಂತಿಲ್ಲದ ವಲಯ. ಕರಾವಳಿ ಪ್ರಾಧಿಕಾರದ ಒಪ್ಪಿಗೆಯೂ ಇರಲಿಲ್ಲ. ಮುಂದೆ ಮರಡು ಪುರಸಭೆಯಾಯಿತು. 2019ರಲ್ಲಿ ಒಪ್ಪಿಗೆಯಾದ ಹೊಸ ನಕ್ಷೆಯಲ್ಲಿ ಅದೇ ಜಾಗ ನಿರ್ಬಂಧ ಕಡಿಮೆ ಇರುವ ಸಿಆರ್‌ಝೆಡ್ 2 ಆಯಿತು. ಹೊಸ ರಿವಿಷನ್ ಬಂದಿದೆಯಲ್ಲ, ಅದನ್ನ ನೋಡಿ ಅಂತ ಒಂದು ಕಡೆಯ ವಾದ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಪರವಾನಗಿ ಕೊಟ್ಟ ದಿನ ಯಾವುದು ಚಾಲ್ತಿಯಲ್ಲಿತ್ತೋ ಅದನ್ನೇ ನೋಡಿತು.

ಡಾಕ್ಯುಮೆಂಟ್ ಕಂಟ್ರೋಲ್ ದೃಷ್ಟಿಯಿಂದ ತೀರ್ಪು ಸರಿ ಅಂತಲೇ ನಾನು ಹೇಳ್ತೀನಿ. ಕಾಂಕ್ರೀಟು ಹಾಕಿದ ದಿನದ ರಿವಿಷನ್ನಿಗೆ ಕಾಂಕ್ರೀಟು ಉತ್ತರ ಹೇಳಬೇಕು. ಆದರೆ ಸಾಲ ಮಾಡಿ ಮನೆ ಕೊಂಡವರಿಗೆ ಯಾರೂ ಟ್ರಾನ್ಸ್‌ಮಿಟಲ್ ಕಳಿಸಿರಲಿಲ್ಲ. ನಕ್ಷೆ ಇತ್ತು, ಅದು ಇರಬೇಕಾದ ಕೈಗೆ ಬಂದಿರಲಿಲ್ಲ. ಬೆಂಗಳೂರಿನಲ್ಲಿ ರಾಜಕಾಲುವೆ ಮೇಲೆ ಫ್ಲಾಟ್ ತಗೊಂಡು ಒದ್ದಾಡುವ ನಮ್ಮ ಸ್ನೇಹಿತರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

316 ಸಾಲಿನ ರಿಜಿಸ್ಟರ್

ಇಷ್ಟು ಹೊತ್ತು ಹೇಳಿದ್ದಕ್ಕೆಲ್ಲ ಕಾರಣವಾದ ವಿಷಯ ಈಗ ಬರುತ್ತೆ.

ವಲ್ಲಾರ್ಪಾಡಂಗೆ ಹೋಗುವ ರಸ್ತೆ ಮತ್ತು ರೈಲು ಖಾಲಿ ಜಾಗದಲ್ಲಿ ಬರಲಿಲ್ಲ. ಮೂಲಂಪಿಳ್ಳಿ, ಮುಳವುಕಾಡ್, ಚೇರಾನಲ್ಲೂರ್, ಇಡಪ್ಪಳ್ಳಿ ಮೊದಲಾದ ಏಳು ಕಡೆಗಳ 316 ಕುಟುಂಬಗಳ ಮನೆಗಳಿದ್ದವು. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ, ಪುನರ್ವಸತಿಯನ್ನ ಕಾನೂನಿನೊಳಗೆ ತಂದ ಹೊಸ ಕಾಯ್ದೆ ಬಂದದ್ದು 2013ರಲ್ಲಿ. 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಪೊಲೀಸರ ಜೊತೆ ಬಂದು ಮನೆಗಳನ್ನ ಕೆಡವಿದರು. ಎರ್ನಾಕುಳಂ ಪೇಟೆಯ ನಡುವೆ ಕುಟುಂಬಗಳು ಧರಣಿ ಕೂತವು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬೆಂಬಲಕ್ಕೆ ಬಂದರು. ಕೊನೆಗೆ ಮಾರ್ಚ್ 19ರಂದು ಸರ್ಕಾರ ಆದೇಶ ಹೊರಡಿಸಿತು. ಅದನ್ನೇ ಮೂಲಂಪಿಳ್ಳಿ ಪ್ಯಾಕೇಜ್ ಅಂತಾರೆ: ಬದಲಿ ನಿವೇಶನ, ಮನೆ ಕಟ್ಟಿಕೊಳ್ಳುವ ತನಕ ತಿಂಗಳಿಗೆ 5,000 ರೂಪಾಯಿ ಬಾಡಿಗೆ, ಮನೆಗೊಬ್ಬರಿಗೆ ಯೋಜನೆಯಲ್ಲಿ ಕೆಲಸ.

ತಾರೀಕುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಸೇತುವೆ ಶುರುವಾದದ್ದು 2007, ಪ್ಯಾಕೇಜ್ 2008. ಸೇತುವೆ 2010ಕ್ಕೆ ಮುಗಿಯಿತು. ಪ್ಯಾಕೇಜ್ ಮುಗಿಯಲಿಲ್ಲ. 10 ವರ್ಷವಾಯಿತು, 15 ವರ್ಷವಾಯಿತು, ಫೆಬ್ರವರಿ 6 ಬಂದಾಗೆಲ್ಲ ಅದೇ ಜನ, ಕೂದಲು ಬೆಳ್ಳಗಾಗಿ, ಅದೇ ಬೇಡಿಕೆ ಹಿಡಿದು ಸೇರುತ್ತಾ ಬಂದರು. ಕೊಟ್ಟ ನಿವೇಶನಗಳಲ್ಲಿ ಹಲವು ಜೌಗು ತುಂಬಿಸಿ ಮಾಡಿದ ಜಾಗ. ಭಾರ ಹೊರದ ಮಣ್ಣು, ಕಟ್ಟಿದ ಮನೆ ವಾಲಿದೆ, ಬಿರುಕು ಬಿಟ್ಟಿದೆ ಅನ್ನುವ ದೂರು. ಪಟ್ಟಾ ಕೈಗೆ ಸಿಕ್ಕಿತು, ಮನೆ ಕಟ್ಟಲಾಗಲಿಲ್ಲ ಅನ್ನುವವರು ಇದ್ದಾರೆ. ಕೆಲಸದ ಭರವಸೆ ಈಡೇರಲೇ ಇಲ್ಲ ಅಂತ ಕುಟುಂಬಗಳು ಪ್ರತಿ ವರ್ಷ ಹೇಳುತ್ತಿವೆ.

ಒಂದೇ ಯೋಜನೆ, ಒಂದೇ ಹಿನ್ನೀರು. ಪೈಲ್ ಇಳಿಸುವ ಮುಂಚೆ ಮಣ್ಣಿನ ವರದಿಗೆ ಸಹಿ ಬೇಕು, ಅದಿಲ್ಲದೆ ರಿಗ್ ಯಂತ್ರ ಚಾಲೂ ಆಗಲ್ಲ. ನಿವೇಶನ ಹಂಚುವ ಮುಂಚೆ ಅದೇ ಮಣ್ಣಿನ ವರದಿ ಯಾರೂ ಕೇಳಲಿಲ್ಲ. ಕಾಂಕ್ರೀಟಿನ ಗಟ್ಟಿ 28 ದಿನಕ್ಕೆ ಸರಿ ಬರದಿದ್ದರೆ ಎನ್‌ಸಿಆರ್ ಏಳುತ್ತೆ, ಅದನ್ನ ಕ್ಲೋಸ್ ಮಾಡುವ ಹೊಣೆ ಒಬ್ಬರ ಹೆಸರಿನ ಮುಂದೆ ಕೂರುತ್ತೆ. ವಾಲಿದ ಮನೆಗೆ ಎನ್‌ಸಿಆರ್ ಏಳಿಸೋದು ಯಾರು? ಬಡವರ ಅರ್ಜಿಗೆ ಆವಕ ನಂಬರು ಬೀಳುತ್ತೆ, ಮುದ್ರೆ ಬೀಳುತ್ತೆ, 'ಪರಿಶೀಲಿಸಿ' ಅಂತ ಷರಾ ಬೀಳುತ್ತೆ. ಯಾವತ್ತಿನೊಳಗೆ ಅನ್ನುವ ಅಂಕಣ ಆ ರಿಜಿಸ್ಟರಿನಲ್ಲಿ ಇಲ್ಲ.

ಸರ್ಕಾರಿ ಕಚೇರಿಗಳಿಗೆ ಕಾಗದ ಇಡೋಕೆ ಬರಲ್ಲ ಅಂತ ಹೇಳಿದರೆ ನಾನು ಒಪ್ಪಲ್ಲ. ಎಂಬಿ ಪುಸ್ತಕ ಕೊಟ್ಟವರೇ ಅವರು. ಗೆರೆ ಹೊಡೆದ ಅಂಕಿಯೂ ಓದೋಕೆ ಸಿಗಬೇಕು ಅನ್ನುವಷ್ಟು ಎಚ್ಚರ ದುಡ್ಡಿನ ವಿಷಯದಲ್ಲಿ ಇತ್ತು. ಸೇತುವೆ ತಡವಾದರೆ ದಿನಕ್ಕೆ ಇಷ್ಟು ಅಂತ ದಂಡ, ಹಾಗಾಗಿ ಪ್ರತಿ ದಿನವೂ ಎಣಿಕೆಯಾಯಿತು. ಪ್ಯಾಕೇಜ್ ತಡವಾದರೆ ದಂಡ ಕಟ್ಟುವವರು ಆ ಕುಟುಂಬಗಳೇ ಆಗಿದ್ದರು.

ಒಂದು ಭಾನುವಾರ ಕೂತು ನಾನು ಎಕ್ಸೆಲ್‌ನಲ್ಲಿ 316 ಸಾಲು ಹಾಕಿ, ಮೇಲೆ ತಲೆಬರಹ ಬರೆದೆ: ನಿವೇಶನ, ಪಟ್ಟಾ, ಮಣ್ಣಿನ ವರದಿ, ನೀರು, ರಸ್ತೆ, ಕಟ್ಟಡ ಪರವಾನಗಿ, ಬಾಡಿಗೆ ಯಾವ ತಿಂಗಳ ತನಕ, ಉದ್ಯೋಗ, ಹೊಣೆ ಯಾರದು, ಕೊನೆ ದಿನ. ತಲೆಬರಹ ಬರೆಯೋಕೆ ಹತ್ತು ನಿಮಿಷ ಬೇಕಾಗಲಿಲ್ಲ. ಸೈಟಿನಲ್ಲಿ ಒಬ್ಬ ಹೊಸ ಹುಡುಗನಿಗೆ ಮೊದಲ ದಿನ ಕೊಡುವ ಕೆಲಸ ಇದು. ಸಾವಿರಾರು ಡ್ರಾಯಿಂಗಿನ ರಿಜಿಸ್ಟರ್ ಇಟ್ಟವರಿಗೆ 316 ಸಾಲು ದೊಡ್ಡದಲ್ಲ.

ಬದಲಿ ಜಾಗಗಳಲ್ಲಿ ಒಂದು ಕಾಕ್ಕನಾಡಿನ ಹತ್ತಿರದ ತುತ್ತಿಯೂರಿನಲ್ಲಿದೆ. ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮವರು ಅನೇಕರು ಬಾಡಿಗೆಗೆ ಇರುವುದು ಅದೇ ಸುತ್ತಮುತ್ತ. ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಕೇಳಿಕೊಂಡು ಹೋಗಬಹುದು.